ಸೆಕೆಂಡಿನ ಲೆಕ್ಕಕ್ಕೆ ಗಂಟೆಯ ಲೆಕ್ಕ ಬೆರೆಸಬೇಡಿ

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಪರ ಮಾತಾಡುವವರು ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: 'ಗ್ರಿಡ್ ಸ್ಥಿರವಾಗಿರಬೇಕಾದರೆ ಇದು ಬೇಕೇ ಬೇಕು.' ಅಲ್ಲಿಗೆ ಕೇಳುವವರು ಸುಮ್ಮನಾಗುತ್ತಾರೆ. ಗ್ರಿಡ್ ಎಂದರೆ ಎಂಜಿನಿಯರುಗಳ ವಿಷಯ, ನಮಗೇನು ತಿಳಿದೀತು ಎಂಬ ಅಳುಕು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಇದು ಬೆಂಗಳೂರಿನವರಿಗಿಂತ ಬೇಗ ಅರ್ಥವಾಗಬೇಕು.

ಮಲೆನಾಡಿನಲ್ಲಿ ಹಳ್ಳದ ನೀರಿಗೆ ಪೈಪು ಹಾಕಿ ಮನೆಗೇ ಕರೆಂಟು ಮಾಡಿಕೊಂಡವರಿದ್ದಾರೆ. ಅಂಥ ಮನೆಯಲ್ಲಿ ಎಲ್ಲ ದೀಪ ಒಟ್ಟಿಗೆ ಆರಿಸಿದರೆ ಟರ್ಬೈನು ಹುಚ್ಚೆದ್ದು ತಿರುಗುತ್ತದೆ. ಶಕ್ತಿ ಮೀರಿ ಲೋಡು ಹಾಕಿದರೆ ಕುಗ್ಗುತ್ತದೆ, ಬಲ್ಬು ಮಂಕಾಗುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ. ಮಿಕ್ಕ ಕರೆಂಟನ್ನು ಅದು ನೀರು ಕಾಯಿಸುವ ಕಾಯಿಲಿಗೆ ತಿರುಗಿಸಿ ಟರ್ಬೈನಿನ ವೇಗವನ್ನು ಹದದಲ್ಲಿಡುತ್ತದೆ. ದೇಶದ ಗ್ರಿಡ್ಡಿನ ಕಥೆಯೂ ಇದೇ. ಅದು ಸೆಕೆಂಡಿಗೆ 50 ಆವರ್ತನದ ಆಸುಪಾಸಿನಲ್ಲಿ, ನಿಯಮದ ಪ್ರಕಾರ 49.90ರಿಂದ 50.05ರೊಳಗೆ ಇರಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮಗೇನೂ ಆಗಲಿಲ್ಲ, ಏಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಎರಡನ್ನೂ ಒಂದೇ ತಾಳಕ್ಕೆ ಕಟ್ಟಿತು. ಈಗ ಶೃಂಗೇರಿಯ ಫ್ಯಾನಿಗೂ ಪಂಜಾಬಿನ ಪಂಪಿಗೂ ಒಂದೇ ಲಯ.

ಆ ಲಯ ತಪ್ಪದಂತೆ ಮೊದಲು ತಡೆಯುವುದು ಭಾರ. ಹಳೆಯ ಅಕ್ಕಿ ಗಿರಣಿಯ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿದ್ದ ದೊಡ್ಡ ಕಬ್ಬಿಣದ ಚಕ್ರ ನೆನಪಿದೆಯೇ? ಎಂಜಿನ್ ಎರಡು ಸುತ್ತಿಗೊಮ್ಮೆ 'ಡುಬ್' ಎಂದು ಒದೆಯುತ್ತದೆ, ನಡುವಿನ ಹೊತ್ತನ್ನು ಆ ಚಕ್ರದ ಓಟವೇ ದಾಟಿಸುತ್ತದೆ. ಅದೇ ಫ್ಲೈವೀಲ್. ಶರಾವತಿ, ವಾರಾಹಿ, ರಾಯಚೂರಿನ ಜನರೇಟರುಗಳ ರೋಟರುಗಳು ಇಷ್ಟು ವರ್ಷ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿವೆ. ಎಲ್ಲೋ ಒಂದು ಸ್ಥಾವರ ಬಿದ್ದರೆ ಉಳಿದವುಗಳ ಓಟ ಕೆಲವು ಸೆಕೆಂಡು ಕಾಪಾಡುತ್ತದೆ, ಅಷ್ಟರಲ್ಲಿ ನೀರಿನ ಗೇಟೋ ಹಬೆಯ ವಾಲ್ವೋ ಇನ್ನಷ್ಟು ತೆರೆದುಕೊಳ್ಳುತ್ತದೆ. ಪಾವಗಡದ 2050 ಮೆಗಾವಾಟ್ ಸೋಲಾರ್ ಪಾರ್ಕಿನಲ್ಲಿ ಹೀಗೆ ಕರೆಂಟು ಕೊಡುತ್ತಾ ತಿರುಗುವ ಚಕ್ರವಿಲ್ಲ. ಸೋಲಾರ್ ಹೆಚ್ಚಿ ಹಳೆಯ ಜನರೇಟರುಗಳು ನಿಂತಷ್ಟೂ ಗ್ರಿಡ್ ಹಗುರವಾಗುತ್ತದೆ, ಬೇಗ ಅಲುಗುತ್ತದೆ. ಸಮಸ್ಯೆ ನಿಜವಾದದ್ದೇ.

ಇದಕ್ಕೆ ಹೊರದೇಶಗಳಲ್ಲಿ ನೇರವಾಗಿ ಚಕ್ರವನ್ನೇ ಕೂರಿಸಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟೀಫನ್‌ಟೌನಿನಲ್ಲಿ 2011ರಲ್ಲಿ 200 ಫ್ಲೈವೀಲುಗಳ 20 ಮೆಗಾವಾಟ್ ಸ್ಥಾವರ ಶುರುವಾಯಿತು. ಗಾಳಿ ತೆಗೆದ ಸಿಲಿಂಡರಿನೊಳಗೆ, ಅಯಸ್ಕಾಂತದ ಬೇರಿಂಗಿನ ಆಸರೆಯಲ್ಲಿ, ನಿಮಿಷಕ್ಕೆ 16,000 ಸುತ್ತಿನವರೆಗೆ ತಿರುಗುವ ಚಕ್ರಗಳು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, ಅದಕ್ಕೇ ಆ ಓಟ. (ಕಟ್ಟಿದ ಕಂಪನಿ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು, ಸ್ಥಾವರ ಮಾತ್ರ ನಡೆಯಿತು. ಈ ಧಂದೆಯಲ್ಲಿ ದುಡ್ಡು ಸುಲಭವಲ್ಲ.) ಐರ್ಲೆಂಡಿನ ಮನಿಪಾಯಿಂಟ್ ಎಂಬ ಕಲ್ಲಿದ್ದಲು ಸ್ಥಾವರದ ಜಾಗದಲ್ಲಿ 2022ರಲ್ಲಿ ಇನ್ನೊಂದು ದಾರಿ ಹಿಡಿದರು. ಇಂಧನ ಸುಡದೆ ಗ್ರಿಡ್ ಜೊತೆ ಸುಮ್ಮನೆ ತಿರುಗುತ್ತಿರುವ ಯಂತ್ರ, ಅದಕ್ಕೆ 130 ಟನ್ನಿನ ಫ್ಲೈವೀಲ್. ಎರಡಕ್ಕೂ ನದಿ ಬೇಡ, ಕಣಿವೆ ಬೇಡ, ಸಬ್‌ಸ್ಟೇಷನ್ ಪಕ್ಕದ ಜಾಗ ಸಾಕು. ರಾಯಚೂರಿನ ಹಳೆಯ ಘಟಕಗಳನ್ನು ನಿಲ್ಲಿಸುವ ದಿನ ಬಂದಾಗ ಅಲ್ಲಿನ ಜನರೇಟರುಗಳನ್ನು ಗುಜರಿಗೆ ಹಾಕುವ ಮೊದಲು ಈ ಕೆಲಸಕ್ಕೆ ಯೋಚಿಸಬಹುದು. ಪಾವಗಡದ ಬಯಲಿನಲ್ಲಿ ಜಾಗಕ್ಕೇನೂ ಬರವಿಲ್ಲ.

ಹಾಗೆಂದು ಶರಾವತಿ ಯೋಜನೆಯ ಬದಲು ಫ್ಲೈವೀಲ್ ಹಾಕಿ ಎಂದರೆ ಅದು ಮೋಸದ ವಾದವಾಗುತ್ತದೆ. ಸ್ಟೀಫನ್‌ಟೌನಿನ ಎಲ್ಲ ಚಕ್ರಗಳೂ ಸೇರಿ ಪೂರ್ತಿ ಶಕ್ತಿಯಲ್ಲಿ ಕೊಡುವುದು 15 ನಿಮಿಷ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಏರಿಸಿ ಇಳಿಸುವ 2000 ಮೆಗಾವಾಟ್ ಯೋಜನೆಯ ಗುರಿ ಗಂಟೆಗಟ್ಟಲೆ ಕರೆಂಟು, ಹಗಲಿನ ಸೋಲಾರನ್ನು ಸಂಜೆಗೆ ಉಳಿಸುವುದು. ಬೇರೆ ಕೆಲಸ, ಬೇರೆ ಅಳತೆ. ನನ್ನ ತಕರಾರು ಇರುವುದೇ ಇಲ್ಲಿ. ಸೆಕೆಂಡಿನ ಅಪಾಯವನ್ನು ತೋರಿಸಿ ಹೆದರಿಸುವುದು, ಗಂಟೆಯ ಯೋಜನೆಗೆ ಒಪ್ಪಿಗೆ ಕೇಳುವುದು. 'ಗ್ರಿಡ್ ಬಿದ್ದುಹೋಗುತ್ತದೆ' ಎಂಬ ಭಯಕ್ಕೆ ಉತ್ತರ ಬಯಲುಸೀಮೆಯಲ್ಲೂ ಇದೆ. 'ಸಂಜೆಗೆ ಕರೆಂಟು ಸಾಲದು' ಎಂಬುದು ಬೇರೆ ವಾದ. ಅದನ್ನು ಅದರದೇ ಲೆಕ್ಕದಲ್ಲಿ ಇಡಬೇಕು: ಮೇಲೆತ್ತಲು ಸುಮಾರು ನಾಲ್ಕು ಯೂನಿಟ್ ಖರ್ಚು ಮಾಡಿದರೆ ವಾಪಸು ಸಿಗುವುದು ಮೂರು ಎಂಬುದನ್ನೂ, ಸಿಂಗಳೀಕದ ಕಾಡಿನ ಬೆಲೆಯನ್ನೂ ಸೇರಿಸಿ, ಬ್ಯಾಟರಿಯ ದರದ ಪಕ್ಕದಲ್ಲಿಟ್ಟು.

ಅದು ಸಾಗರ, ಹೊನ್ನಾವರದ ಕಡೆಯ ಜಗಳ, ನಮ್ಮದಲ್ಲ ಎನ್ನುವಂತಿಲ್ಲ. ವಾರಾಹಿಯಲ್ಲೂ ಇಂಥದೇ ಯೋಜನೆಯ ಪ್ರಸ್ತಾಪವಿದೆ, ಆಗುಂಬೆ ಸೀಮೆಯಿಂದ ಶೃಂಗೇರಿಗೆ ಎಷ್ಟು ದೂರ? ಭದ್ರಾ ಹಿನ್ನೀರಿಗೆ ನೆಲ ಬಿಟ್ಟುಕೊಟ್ಟ ನೆನಪು ನರಸಿಂಹರಾಜಪುರಕ್ಕಿದೆ. ಲಿಂಗನಮಕ್ಕಿಯಲ್ಲಿ ಮುಳುಗಿದವರ ಕುಟುಂಬಗಳು ಆರು ದಶಕವಾದರೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ನಾಡಿಗೆ ಬೆಳಕು ಕೊಡುವ ಮಾತು ಮಲೆನಾಡಿಗೆ ಹೊಸದೇನಲ್ಲ, ಅದಕ್ಕೇ ಎರಡನೇ ಸಲ ಕೇಳುವಾಗ ವಿವರ ಜಾಸ್ತಿ ಬೇಕು.

ಇನ್ನೊಂದು ಮಾತು. ಫ್ಲೈವೀಲಾಗಲಿ ಪಂಪ್ಡ್ ಸ್ಟೋರೇಜಾಗಲಿ, ಜುಲೈ ತಿಂಗಳ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕತ್ತಲಲ್ಲಿರುವ ಮನೆಗೆ ಯಾವುದರಿಂದಲೂ ಬೆಳಕು ಬರುವುದಿಲ್ಲ. ಅಲ್ಲಿಗೆ ಬೇಕಾದದ್ದು ಹೊದಿಕೆಯಿರುವ ತಂತಿ, ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವ ಕೆಲಸ, ಸಾಕಷ್ಟು ಲೈನ್‌ಮನ್‌ಗಳು. 'ಗ್ರಿಡ್ ಬಲಪಡಿಸುತ್ತೇವೆ' ಎಂದು ಯಾರಾದರೂ ಬಂದರೆ, ಸೆಕೆಂಡಿನದೋ, ಗಂಟೆಯದೋ, ನಮ್ಮೂರ ಕಂಬದ್ದೋ ಎಂದು ಮೊದಲು ಕೇಳಿ. ಉತ್ತರ ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸುವಷ್ಟು ಚಿಕ್ಕದಾಗಿ, ಅಂಕಿ ಸಮೇತ ಬರೆದುಕೊಡಲಿ.