ಉಳಿತಾಯ ಯಾರ ತಟ್ಟೆಯಿಂದ?

 

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವೆಲ್ಲರೂ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ದುಂದುವೆಚ್ಚ ಮಾಡಬಾರದು, ಮಿತವ್ಯಯವೇ ಸುಖ ಅಂತ ಬರೆದು ಅಂಕಾನೂ ತಗೊಂಡಿದ್ದೇವೆ. ಆದರೆ ಒಂದು ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಲಿಲ್ಲ. ಮನೆಯ ಹಾಸಿಗೆ ಚಿಕ್ಕದಾದಾಗ ಕಾಲು ಮಡಚಿಕೊಳ್ಳೋರು ಯಾರು?

ಹೆಚ್ಚಿನ ಮನೆಗಳಲ್ಲಿ ಅವ್ವ. ಸಾರು ಕಡಿಮೆ ಬಿದ್ದರೆ ಅಪ್ಪನಿಗೂ ಮಕ್ಕಳಿಗೂ ಬಡಿಸಿ, ತಾನು ಕೊನೆಗೆ ಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡು ಏಳ್ತಾಳೆ. ಹಾಲು ಕಡಿಮೆಯಾದರೆ ಅವಳ ಪಾಲಿನ ಕಾಫಿ ಕಪ್ಪಗಾಗುತ್ತೆ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಕೊನೆಯಲ್ಲಿ ಉಣ್ಣೋದು, ಉಳಿದದ್ದನ್ನು ಉಣ್ಣೋದು ಒಂದು ಕಾರಣ ಅಲ್ಲ ಅಂತ ಯಾರಾದರೂ ಹೇಳಬಲ್ಲರೇ? ತಾಯಿಯ ತಟ್ಟೆಯಿಂದ ತೆಗೆದಿಟ್ಟ ದುಡ್ಡು ಉಳಿತಾಯ ಅಲ್ಲ. ಅದು ಮುಂದೆ ಆಸ್ಪತ್ರೆಗೆ ಕಟ್ಟಬೇಕಾದ ಸಾಲ. ಇದು ನನ್ನ ಅಭಿಪ್ರಾಯ.

ಹಾಗಾದರೆ ಎಲ್ಲಿಂದ ಉಳಿಸಬೇಕು? ಮೊದಲು ಲೆಕ್ಕ ಬರೆಯಬೇಕು. ನಮ್ಮಂಥ ಒಬ್ಬ ಹುಡುಗ ದಿನಕ್ಕೆ 10 ರೂಪಾಯಿ ಕುರುಕಲು ಪೊಟ್ಟಣಕ್ಕೆ ಕೊಟ್ಟರೆ ವರ್ಷಕ್ಕೆ 3,650 ರೂಪಾಯಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ 7,300 ರೂಪಾಯಿ. ಪೊಟ್ಟಣದೊಳಗೆ ಅರ್ಧ ಗಾಳಿ. ಇದರ ಜೊತೆಗೆ ಬಿಡಿ ಬಿಡಿ ಶಾಂಪೂ, ಅಂಗಡಿ ಸಾಂಬಾರ್ ಪುಡಿ, ಮೊಬೈಲ್ ರೀಚಾರ್ಜು, ಬೀಡಿ, ಎಲೆಅಡಿಕೆ ಎಲ್ಲಾ ಸೇರಿಸಿ ನೋಡಿ. ಹನಿ ಹನಿ ಕೂಡಿದರೆ ಹಳ್ಳ ಅನ್ನೋದು ಖರ್ಚಿಗೂ ನಿಜವೇ. ಒಂದೊಂದು ಹನಿಯಾಗಿ ಹೋಗೋದರಿಂದ ಕಣ್ಣಿಗೆ ಕಾಣಲ್ಲ, ಅಷ್ಟೇ.

ಎರಡನೆಯದು ಹಿತ್ತಲು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ಸುಳ್ಳು ಮಾಡಿ ತೋರಿಸಬೇಕು. ನುಗ್ಗೆಗೆ ಬೀಜಾನೂ ಬೇಡ, ನರ್ಸರಿಯೂ ಬೇಡ. ತೋಳು ದಪ್ಪದ ಕೊಂಬೆ ಕಡಿದು ಮಳೆಗಾಲದ ಮುಂಚೆ ನೆಟ್ಟರೆ ಸಾಕು, ಚಿಗುರುತ್ತೆ. ಅದರ ಕಾಯೂ ಸಾರಿಗೆ, ಸೊಪ್ಪೂ ಸಾರಿಗೆ. ಹರಿವೆ ಸೊಪ್ಪು ಚೆಲ್ಲಿದ ಒಂದು ತಿಂಗಳೊಳಗೆ ಕೈಗೆ ಬರುತ್ತೆ. ಬಸಳೆ ಬಳ್ಳಿಯ ತುಂಡು ಊರಿದರೆ ಬೇಲಿ ತುಂಬ ಹಬ್ಬುತ್ತೆ. ಬಚ್ಚಲ ನೀರು ಚರಂಡಿಗೆ ಹೋಗಿ ಸೊಳ್ಳೆ ಸಾಕುವ ಬದಲು ಎರಡು ಬಾಳೆ ಗಿಡ ಸಾಕಲಿ. ತಿಪ್ಪೆ ಗೊಬ್ಬರ ನಮ್ಮದೇ. ಇದಕ್ಕೆಲ್ಲಾ ಅಂಗಡಿಗೆ ಕೊಡಬೇಕಾದ ದುಡ್ಡು ಎಷ್ಟು? ಸೊನ್ನೆ.

ನಮ್ಮ ಹಳೆಯ ಅಡುಗೆಯಲ್ಲೇ ಎಷ್ಟೊಂದು ಲೆಕ್ಕಾಚಾರ ಇದೆ ಗಮನಿಸಿ. ಬಸ್ಸಾರು ಮಾಡುವಾಗ ಸೊಪ್ಪು ಕಾಳು ಒಟ್ಟಿಗೆ ಬೇಯಿಸಿ ಬಸಿದ ಕಟ್ಟು ಸಾರಾಗುತ್ತೆ, ಉಳಿದದ್ದು ಪಲ್ಯ. ಒಂದೇ ಒಲೆ, ಒಂದೇ ಪಾತ್ರೆ, ಎರಡು ಅಡುಗೆ. ರಾಗಿಯನ್ನು ಹಿಂದಿನವರು ಹಗೇವಿಗೆ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಅದು ಬೇಗ ಹುಳ ಹಿಡಿಯುವ ಧಾನ್ಯ ಅಲ್ಲ. ಬರಗಾಲ ಬಂದಾಗ ಹಗೇವು ತೆಗೆಯುತ್ತಿದ್ದರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಹೀಗಿದ್ದೂ ನೆಂಟರು ಬಂದಾಗ ಮುದ್ದೆ ಮುಚ್ಚಿಟ್ಟು ಅನ್ನ ಬಡಿಸ್ತೀವಿ. ಬಡತನಕ್ಕೆ ನಾಚೋದು ಬೇರೆ, ಒಳ್ಳೆ ಊಟಕ್ಕೆ ನಾಚೋದು ಬೇರೆ.

ಕೆಲವರು ಹೇಳಬಹುದು: ‘ಸೊಸೈಟಿ ಅಕ್ಕಿ ಬರುತ್ತೆ, 2023ರಿಂದ ಗೃಹಲಕ್ಷ್ಮಿ ದುಡ್ಡು ಬೇರೆ ಶುರುವಾಗಿದೆ, ಇನ್ನೇಕೆ ಈ ತೊಂದರೆ?’ ನಿಜ, ಅವು ಬಡವರಿಗೆ ದೊಡ್ಡ ಆಸರೆ. ಆದರೆ ಅಕ್ಕಿಯ ಜೊತೆ ಸೊಪ್ಪು ತರಕಾರಿ ಬರಲ್ಲ. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೆ ಅಂತ ಸರ್ಕಾರ ಇಟ್ಟಿದೆ. ಅದು ವಾರದ ಸಂಘದ ಕಂತಿಗೇ ಹೋದರೆ ಯಜಮಾನಿಗೆ ಸಿಕ್ಕಿದ್ದು ಹೆಬ್ಬೆಟ್ಟಿನ ಮಸಿ ಮಾತ್ರ. ಕಿರುಸಾಲ ವಸೂಲಿ ಮಾಡುವವರು ಜನರಿಗೆ ಕಿರುಕುಳ ಕೊಡಬಾರದು ಅಂತ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ಒಳ್ಳೆಯದೇ ಆಯಿತು. ಆದರೆ ಕಾನೂನು ಬಾಗಿಲಲ್ಲಿ ಬೈಯುವವರನ್ನು ತಡೆಯಬಹುದು, ಸಾಲವನ್ನು ತೀರಿಸುವುದಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬೋರ್‌ವೆಲ್ಲಿಗೋ ಮದುವೆಗೋ ಮಾಡಿದ ಲಕ್ಷದ ಸಾಲ ಹರಿವೆ ಸೊಪ್ಪಿನಿಂದ ತೀರೋದಿಲ್ಲ. ಉಪ್ಪು, ಬಟ್ಟೆ, ಔಷಧಿ, ಪುಸ್ತಕ ಮನೆಯಲ್ಲಿ ಬೆಳೆಯೋಕೂ ಆಗಲ್ಲ. ಹಿತ್ತಲು ತಡೆಯೋದು ಸಣ್ಣ ಕೈಸಾಲವನ್ನು. ಸಂತೆಗೆ ಹೋಗಲು 200 ರೂಪಾಯಿ, ಸಾರಿಗೆ 50 ರೂಪಾಯಿ ಅಂತ ಪಕ್ಕದ ಮನೆಯಲ್ಲಿ ಕೈ ಒಡ್ಡೋದು ನಿಂತರೆ ದೊಡ್ಡ ಸಾಲದ ಕಂತು ಕಟ್ಟಲು ಉಸಿರು ಸಿಗುತ್ತೆ. ಅಷ್ಟಾದರೂ ಆಗಲಿ.

ಇನ್ನೊಂದು ವಿಷಯ. ಕಾಲೋನಿಯ 20×30 ಸೈಟಿನ ಮನೆಗಳಿಗೆ ಹಿತ್ತಲೇ ಇಲ್ಲ. ಅಂಥವರಿಗೆ ಹಿತ್ತಲು ಮಾಡಿ ಅಂತ ಉಪದೇಶ ಕೊಡೋದು ಸರಿಯಲ್ಲ. ಎಣ್ಣೆ ಡಬ್ಬ, ಒಡೆದ ಬಿಂದಿಗೆ, ಸಿಮೆಂಟ್ ಚೀಲಗಳಲ್ಲಿ ಮೆಣಸಿನ ಗಿಡ, ಕೊತ್ತಂಬರಿ, ಬಸಳೆ ಬರುತ್ತೆ. ಅದಕ್ಕಿಂತ ಹೆಚ್ಚಿಗೆ ಬೇಕೆಂದರೆ ಶಾಲೆಯ ಹಿಂದೆ ಪಾರ್ಥೇನಿಯಂ ಬೆಳೆದು ನಿಂತಿರುವ ಜಾಗ ಇದೆ. ಬಿಸಿಯೂಟದ ಪಾತ್ರೆ ತೊಳೆದ ನೀರು ಅಲ್ಲಿಗೇ ಹರಿಯುತ್ತೆ. ಗುರುಗಳು ಒಪ್ಪಿದರೆ ಅಲ್ಲಿ ಸೊಪ್ಪು ಬೆಳೆಯಬಹುದು.

ಹಿತ್ತಲಿಗೆ ನೀರು ಹಾಕೋರು ಯಾರು? ಮತ್ತೆ ಅವ್ವ, ಅಕ್ಕ, ನಾನು ಅಂತಾದರೆ ಈ ಲೇಖನವೇ ದಂಡ. ಬೆಳಿಗ್ಗೆ ನಲ್ಲಿ ನೀರು ಹಿಡಿದು, ಕಸ ಗುಡಿಸಿ, ಶಾಲೆಗೆ ಓಡಿ ಬರುವ ಹುಡುಗಿಯ ತಲೆ ಮೇಲೆ ಇನ್ನೊಂದು ಬಿಂದಿಗೆ ಇಟ್ಟು ಅದನ್ನು ಸ್ವಾವಲಂಬನೆ ಅನ್ನಬೇಡಿ. ಅಣ್ಣ ತಮ್ಮಂದಿರೇ, ಕ್ರಿಕೆಟ್ಟಿಗೆ ಹೋಗುವ ಮುಂಚೆ ನಾಲ್ಕು ಬಿಂದಿಗೆ ನೀರು ಹಾಕಿ ಹೋಗಿ. ತೋಳಿಗೂ ಬಲ ಬರುತ್ತೆ, ಸಿಕ್ಸರ್ ಹೊಡೆಯಬಹುದು.

ನನ್ನ ಸಲಹೆಗಳು ಮೂರೇ.

1. ಪ್ರತಿ ಮನೆಯಲ್ಲೂ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ದಿನದ ಖರ್ಚು ಬರೆಯೋಣ. ಬರೆಯುವ ಕೆಲಸ ನಮ್ಮದು. ಭಾನುವಾರ ಎಲ್ಲರ ಮುಂದೆ ಗಟ್ಟಿಯಾಗಿ ಓದೋಣ. ಅಪ್ಪನ ಬೀಡಿಯೂ ನಮ್ಮ ಪೊಟ್ಟಣವೂ ಅದರಲ್ಲಿ ಇರಲಿ.

2. ತರಗತಿಯಲ್ಲಿ ಒಂದು ಬೀಜದ ಡಬ್ಬ ಇಡೋಣ. ಚೆನ್ನಾಗಿ ಬಂದ ಒಂದು ಗಿಡವನ್ನು ಕೀಳದೆ ಬಲಿಯಲು ಬಿಟ್ಟು, ಬೀಜ ಒಣಗಿಸಿ, ಬೂದಿ ಬೆರೆಸಿ ಇಟ್ಟರೆ ಮುಂದಿನ ವರ್ಷಕ್ಕೆ ಆಯಿತು. ನಾಟಿ ಬೀಜವೇ ಆಗಬೇಕು. ಹೈಬ್ರಿಡ್ ಬೀಜ ಎತ್ತಿಟ್ಟರೆ ಮರುವರ್ಷ ಅದೇ ತರಹ ಬರೋದಿಲ್ಲ. ಒಂದು ಹಿಡಿ ತಗೊಂಡವರು ಬೆಳೆದ ಮೇಲೆ ಎರಡು ಹಿಡಿ ಹಾಕಬೇಕು.

3. ರಾತ್ರಿ ಊಟಕ್ಕೆ ಅವ್ವನನ್ನೂ ಜೊತೆಗೆ ಕೂರಿಸಿಕೊಳ್ಳೋಣ. ಸಾರು ಕಡಿಮೆ ಇದ್ದರೆ ಎಲ್ಲರ ತಟ್ಟೆಯಲ್ಲೂ ಕಡಿಮೆ ಆಗಲಿ.

ಮೊದಲ ಎರಡಕ್ಕೆ ದುಡ್ಡು ಬೇಡ, ಸ್ವಲ್ಪ ಶ್ರಮ ಬೇಕು. ಮೂರನೆಯದಕ್ಕೆ ಶ್ರಮವೂ ಬೇಡ. ಆದರೂ ಅದೇ ಎಲ್ಲಕ್ಕಿಂತ ಕಷ್ಟ ಅಂತ ನನಗೆ ಅನ್ನಿಸುತ್ತೆ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದು ಅಂಟಿಸಿ. ಒಪ್ಪಿದವರು ಇವತ್ತು ರಾತ್ರಿಯೇ ಶುರು ಮಾಡಿ.

— 10ನೇ ತರಗತಿಯ ವಿದ್ಯಾರ್ಥಿನಿ