ಎರಡು ಕಂಪ್ಯೂಟರಿನ ಅಂಗಡಿಗೆ ಬ್ಯಾಂಕಿನ ಭದ್ರತೆ ಮಾರುವವರು

ಸಣ್ಣ ಉದ್ದಿಮೆಯವರಿಗೆಂದೇ ಏರ್ಪಡಿಸಿದ್ದ ಸೈಬರ್ ಭದ್ರತೆಯ ಕಾರ್ಯಾಗಾರವೊಂದಕ್ಕೆ ಈ ವಾರ ಹೋಗಿದ್ದೆ. ಕೂತಿದ್ದವರು ಪ್ರಿಂಟಿಂಗ್ ಪ್ರೆಸ್ಸಿನವರು, ಲೇತ್ ಇಟ್ಟುಕೊಂಡವರು, ಔಷಧದ ಹೋಲ್‌ಸೇಲ್ ವ್ಯಾಪಾರಿಗಳು. ವೇದಿಕೆಯ ಮೇಲಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಪರದೆಯ ಮೇಲೆ ಒಂದೇ ಒಂದು ಕನ್ನಡ ಅಕ್ಷರ ಮೂಡಲಿಲ್ಲ. ಕೊನೆಗೆ ದರಪಟ್ಟಿ ಬಂತು. ಪಕ್ಕದಲ್ಲಿದ್ದ ಪ್ರೆಸ್ಸಿನ ಯಜಮಾನರು ಅದನ್ನು ಓದಿ, "ಇಷ್ಟು ದುಡ್ಡು ಎಲ್ಲಿಂದ ತರೋದು ಸಾರ್, ದೇವರು ನಡೆಸಿದ ಹಾಗೆ ನಡೀಲಿ" ಎಂದು ಎದ್ದು ಹೋದರು. ನನಗೆ ಸಿಟ್ಟು ನೆತ್ತಿಗೇರಿದ್ದು ಆಗ. ಅವರಿಗೆ ಬೇಕಾದದ್ದರಲ್ಲಿ ಹೆಚ್ಚಿನ ಪಾಲು ಪುಕ್ಕಟೆ ಸಿಗುತ್ತದೆ. ಅದನ್ನು ಹೇಳಬೇಕಾದವರು ಹೇಳದೆ, ಹೆದರಿಸಿ ಕಳಿಸಿದರು.

ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶದ 2017ರ ಮೇ ತಿಂಗಳ ಹಾವಳಿ ನೆನಪಿರಬಹುದು. ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕಾಸು ಕೇಳದೆ ಕೊಟ್ಟಿತ್ತು. ಹಾಕಿಕೊಂಡವರು ಪಾರಾದರು. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಸಣ್ಣ ಅಂಗಡಿಗೆ ಧಾರಾಳ ಸಾಕು. ಜಿಮೇಲ್‌ಗೂ ವಾಟ್ಸ್‌ಆ್ಯಪ್‌ಗೂ ಎರಡು ಹಂತದ ಪರಿಶೀಲನೆ ಹಾಕಲು ಹಣ ಬೇಡ. ಮಾಲು ಕೊಡುವವರ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಮೇಲ್ ಬಂದರೆ, ಆ ಮೇಲ್‌ನಲ್ಲಿರುವ ನಂಬರ್ ಬಿಟ್ಟು ನಿಮ್ಮಲ್ಲಿರುವ ಹಳೆಯ ನಂಬರಿಗೆ ಒಂದು ಫೋನ್ ಮಾಡಿ ಕೇಳಿದರಾಯಿತು. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಿಜವಾಗಿ ಖರ್ಚು ಬೀಳುವುದು ಹಳೆಯ ಯಂತ್ರಗಳಿಗೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಬಿಲ್ಲಿಂಗ್ ಕೌಂಟರಿನಲ್ಲಿ ಇನ್ನೂ ಅವೇ ಓಡುತ್ತಿವೆ. ಸಬ್ಸಿಡಿ ಕೊಡುವುದಿದ್ದರೆ ಅಲ್ಲಿಗೆ ಕೊಡಿ ಎಂದು ಕೇಳುವವರು ಆ ಸಭೆಯಲ್ಲಿ ಯಾರೂ ಇರಲಿಲ್ಲ.

ಈಗ ಅಂಗಡಿಯ ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿಯ ವಿಷಯಕ್ಕೆ ಬರುತ್ತೇನೆ. ಈ ಅಂಕಣ ಓದುವವರಿಗೆ ಇದು ಹಳೆಯ ರಾಗ ಅನಿಸಬಹುದು, ಅನಿಸಲಿ. ನಮ್ಮ ಸಣ್ಣ ವ್ಯಾಪಾರಿಯ ಜೀವ ಇರುವುದು ಆ ಒಂದು ಫೋಲ್ಡರಿನಲ್ಲಿ. ಯಾರಿಂದ ಎಷ್ಟು ಉದ್ರಿ ಬರಬೇಕು, ಯಾರಿಗೆ ಎಷ್ಟು ಬಾಕಿ, ಜಿಎಸ್‌ಟಿ ಲೆಕ್ಕ, ದಾಸ್ತಾನು, ಎಲ್ಲವೂ ಅಲ್ಲೇ. ಟ್ಯಾಲಿ ಬೆಂಗಳೂರಿನದೇ ಕಂಪನಿ. ಬ್ಯಾಕಪ್ ತೆಗೆಯುವ ಸೌಲಭ್ಯವೂ, ದತ್ತಾಂಶವನ್ನು ಪಾಸ್‌ವರ್ಡ್ ಹಿಂದೆ ಬಚ್ಚಿಡುವ ಟ್ಯಾಲಿವಾಲ್ಟ್ ಕೂಡ ಅದರೊಳಗೇ ಇವೆ. ಬಳಸುವುದನ್ನು ಯಾರು ಹೇಳಿಕೊಟ್ಟಿದ್ದಾರೆ? ದಾವಣಗೆರೆಯಲ್ಲಿ ನನಗೆ ಪರಿಚಯದ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರಿದ್ದಾರೆ. ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಂಗಡಿ ತೆರೆದರೆ ಕಡತಗಳೆಲ್ಲ ಲಾಕ್, ಪರದೆಯ ಮೇಲೆ ಹಣದ ಬೇಡಿಕೆ. "ಹುಡುಗ ಬ್ಯಾಕಪ್ ಇದೆ ಅಂದಿದ್ನಲ್ರೀ" ಎಂದು ಅವರು ತಲೆಗೆ ಕೈ ಹೊತ್ತು ಕೂತರು. ಬ್ಯಾಕಪ್ ಇತ್ತು. ಆದರೆ ಆ ಹಾರ್ಡ್ ಡಿಸ್ಕನ್ನು ವರ್ಷವಿಡೀ ಅದೇ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟಿದ್ದರು. ಕಂಪ್ಯೂಟರಿನ ಜೊತೆ ಅದೂ ಲಾಕ್ ಆಯಿತು. ಸಂಜೆ ಬ್ಯಾಕಪ್ ತೆಗೆದು, ಡಿಸ್ಕ್ ಕಿತ್ತು ಮನೆಗೆ ಒಯ್ದಿದ್ದರೆ ಹೆಚ್ಚೆಂದರೆ ಒಂದು ದಿನದ ಬಿಲ್ಲು ಮಾತ್ರ ಹೋಗುತ್ತಿತ್ತು. ಹೋದದ್ದು ಇಡೀ ವರ್ಷದ ಉದ್ರಿ ಪುಸ್ತಕ. ಕೊಡಬೇಕಾದ ಗಿರಾಕಿಗಳಲ್ಲಿ ಕೆಲವರು ಪ್ರಾಮಾಣಿಕರಾಗಿದ್ದರು, ಎಲ್ಲರೂ ಅಲ್ಲ.

ಲಾಕ್ ಮಾಡಿದವರು ಒಳಗೆ ಬಂದದ್ದು ಹೇಗೆ? ಟ್ಯಾಲಿ ರಿಪೇರಿಗೆ ಬರುವ ಹುಡುಗ ದೂರದಿಂದಲೇ ಕೆಲಸ ಮಾಡಲು ಎನಿಡೆಸ್ಕ್ ಹಾಕಿದ್ದ. ಯಾವಾಗಲೂ ತೆರೆದೇ ಇರುತ್ತಿತ್ತು, ಪಾಸ್‌ವರ್ಡ್ ಅಂಗಡಿಯ ಹೆಸರು ಮತ್ತು 123. ಶಟರ್‌ನ ಕೀಲಿಯನ್ನು ಹೊಸಿಲ ಮೇಲಿಟ್ಟು ಮನೆಗೆ ಹೋದ ಹಾಗೆ. ಕೆಲಸ ಮುಗಿದ ಕೂಡಲೇ ಅದನ್ನು ಮುಚ್ಚಿಸಿ, ನಿಮ್ಮ ಕಣ್ಣೆದುರೇ ಮುಚ್ಚಿಸಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ ಎನ್ನುವವನನ್ನು ಅಂಗಡಿ ಮೆಟ್ಟಿಲು ಹತ್ತಿಸಬೇಡಿ. ಅದರ ಜೊತೆ ಒಳಗೆ ಏನು ಬರುತ್ತದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ.

ಇಷ್ಟನ್ನು ಹೇಳಲು ಒಂದು ಹಾಳೆ ಸಾಕು. ಆ ಹಾಳೆ ಎಲ್ಲಿದೆ? ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲೇ ಬೆಂಗಳೂರಿನಲ್ಲಿ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ರಾಜ್ಯದ ಸೈಬರ್ ಭದ್ರತಾ ಕೇಂದ್ರವಿದೆ. 2024ರಲ್ಲಿ ರಾಜ್ಯಕ್ಕೊಂದು ಸೈಬರ್ ಭದ್ರತಾ ನೀತಿಯೂ ಬಂತು. ಇವುಗಳ ಒಂದು ಚೀಟಿಯನ್ನೂ ನಾನು ಯಾವ ಗಲ್ಲಾದ ಪಕ್ಕದಲ್ಲೂ ನೋಡಿಲ್ಲ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್, ಅಂದರೆ ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ, ಇಟ್ಟಿರಬೇಕು. ದಾವಣಗೆರೆಯ ಆ ವ್ಯಾಪಾರಿಗೆ ಲಾಗ್ ಎಂದರೇನು ಎಂದು ಅವರ ಭಾಷೆಯಲ್ಲಿ ಯಾರು ಹೇಳಿದ್ದರು? ಕಾನೂನು ಗೊತ್ತಿಲ್ಲವೆಂದರೆ ಬಿಡುವುದಿಲ್ಲ, ಕನ್ನಡದಲ್ಲಿ ತಿಳಿಸುವುದೂ ಇಲ್ಲ. ಈ ಅನ್ಯಾಯವನ್ನು ನಾನು ಬ್ಯಾಂಕ್ ಅರ್ಜಿಯ ವಿಷಯದಲ್ಲಿ ಬರೆದಿದ್ದೇನೆ, ವಿಮೆಯ ವಿಷಯದಲ್ಲಿ ಬರೆದಿದ್ದೇನೆ, ಸರಿಹೋಗುವವರೆಗೆ ಬರೆಯುತ್ತಲೇ ಇರುತ್ತೇನೆ.

ಅಂಗಡಿ ಅಂಗಡಿಗೆ ಮುಟ್ಟಿಸುವುದು ಕಷ್ಟ ಎಂದು ಕಾರ್ಯಾಗಾರದಲ್ಲಿ ಅಧಿಕಾರಿಯೊಬ್ಬರು ಹೇಳಿದರು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಗೆ ಇದು ಕಷ್ಟವಾಗಲಿಲ್ಲವಲ್ಲ! ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ಗಳವರೆಗೆ ನೋಟಿಸ್ ಹೋಯಿತು. ಹೆದರಿದ ವ್ಯಾಪಾರಿಗಳು ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಎಂದು ಬೋರ್ಡ್ ಹಾಕಿದರು. ಆ ವಿಳಾಸಗಳೆಲ್ಲ ಇಲಾಖೆಯ ಬಳಿ ಇನ್ನೂ ಇವೆ. ತೆರಿಗೆ ಕೇಳಲು ಸಿಕ್ಕಿದ ಅಂಗಡಿ ಎಚ್ಚರಿಕೆ ಹೇಳಲು ಹೋದಾಗ ಎಲ್ಲಿ ಮಾಯವಾಗುತ್ತದೆ ಎಂಬುದನ್ನು ಆ ಅಧಿಕಾರಿಗಳು ಮುಂದಿನ ಕಾರ್ಯಾಗಾರದಲ್ಲಿ ಹೇಳಲಿ. ಕನ್ನಡದಲ್ಲಿ ಹೇಳಲಿ.