ಸಮುದ್ರಕ್ಕೆ ಇಳಿಯೋನಿಗೆ ಸಿಲಿಂಡರ್, ಗುಂಡಿಗೆ ಇಳಿಯೋನಿಗೆ ಹಗ್ಗ



ಮಾಲ್ಡೀವ್ಸ್‌ನಲ್ಲಿ ಆರು ರಾತ್ರಿ ಬೋಟಿನಲ್ಲೇ ಇದ್ದು ಸ್ಕೂಬಾ ಡೈವಿಂಗ್ ಮಾಡಿ ಬಂದ ಫೋಟೋಗಳನ್ನ ಹಾಕಿದ್ದೆ. ಅದರ ಕೆಳಗೆ ಬಂದ ಮಾತುಗಳಲ್ಲಿ ಎರಡಕ್ಕೆ ಉತ್ತರ ಕೊಡಲೇಬೇಕು ಅನ್ನಿಸ್ತು. ಒಂದು, "ಹೋರಾಟಗಾರರಿಗೂ ಇಂಥ ಶೋಕಿ ಬಂತಾ ಅಣ್ಣ?" ಅನ್ನೋದು. ಇನ್ನೊಂದು, ಮೇಲ್ಜಾತಿಯ ಸ್ನೇಹಿತರೊಬ್ಬರದ್ದು: "ನೋಡಿ, ಸಮುದ್ರದಲ್ಲಿ ಜಾತಿ ಇಲ್ಲ. ಇನ್ನಾದರೂ ಎಲ್ಲದಕ್ಕೂ ಜಾತಿ ಎಳೆದು ತರಬೇಡಿ."

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎರಡು ವರ್ಷ ಸಂಬಳದಲ್ಲಿ ಕೂಡಿಟ್ಟ ದುಡ್ಡು, ನನ್ನ ದುಡಿಮೆ, ನನ್ನ ರಜೆ. ದಲಿತ ಅಂದ್ರೆ ಧರಣಿ ಟೆಂಟಿನಲ್ಲೋ ಶವಾಗಾರದ ಮುಂದೋ ಕೂತಿರಬೇಕು, ನಗೋ ಫೋಟೋ ಹಾಕಬಾರದು ಅನ್ನೋದು ನಮ್ಮೊಳಗೇ ಬಂದು ಸೇರ್ಕೊಂಡಿರೋ ಮನುವಾದ. ಬಾಬಾಸಾಹೇಬರು ಸೂಟು ಬೂಟು ಹಾಕಿದ್ದೇ ಕೆಲವರಿಗೆ ಇವತ್ತಿಗೂ ಜೀರ್ಣ ಆಗಿಲ್ಲ. ಅಂಥವರ ಸಾಲಿನಲ್ಲಿ ನಮ್ಮ ಹುಡುಗರು ನಿಲ್ಲಬಾರದು.

ಎರಡನೆಯದು ದೊಡ್ಡ ಮಾತು. ಸಮುದ್ರದಲ್ಲಿ ಜಾತಿ ಇಲ್ಲ, ಒಪ್ಪಿದೆ. ಆದರೆ ಸಮುದ್ರದವರೆಗೆ ಬರೋ ದಾರಿಯಲ್ಲಿ ಇದೆಯಲ್ಲ!

ನಮ್ಮ ಬೋಟಿನಲ್ಲಿ ಭಾರತದಿಂದ ಬಂದವರು ಒಂಬತ್ತು ಜನ. "ಈಜು ಎಲ್ಲಿ ಕಲಿತ್ರಿ?" ಅಂತ ಊಟದ ಮೇಜಿನಲ್ಲಿ ಮಾತು ಬಂತು. ಒಬ್ಬರು ಕ್ಲಬ್ಬಿನ ಪೂಲ್ ಅಂದ್ರು, ಒಬ್ಬರು ಅಜ್ಜನ ತೋಟದ ಬಾವಿ ಅಂದ್ರು, ಒಬ್ಬರು ದೇವಸ್ಥಾನದ ಕಲ್ಯಾಣಿ ಅಂದ್ರು. ನಾನು ಈಜು ಕಲಿತದ್ದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಗಂಟೆ ಲೆಕ್ಕದಲ್ಲಿ ಕಾಸು ಕೊಟ್ಟು. ನಮ್ಮೂರಲ್ಲಿ ಬಾವಿ ಇರಲಿಲ್ವಾ? ಮೂರು ಬಾವಿ ಇದ್ದವು. ನಮ್ಮಜ್ಜಿ ಬಿಂದಿಗೆ ಇಟ್ಕೊಂಡು ದೂರ ನಿಲ್ಲಬೇಕಿತ್ತು, ಯಾರಾದರೂ ಪುಣ್ಯಾತ್ಗಿತ್ತಿ ಸೇದಿ ಮೇಲಿಂದ ಹೊಯ್ಯೋವರೆಗೂ. ಸೇದೋಕೇ ಬಿಡದ ಬಾವಿಗೆ ನಮ್ಮ ಹುಡುಗರು ಧುಮುಕೋಕೆ ಬಿಡ್ತಾರಾ? ನಮ್ಮ ಕೇರಿಯ ಒಂದು ತಲೆಮಾರಿಗೆ ಈಜು ಬರಲಿಲ್ಲ, ಅವರ ಮಕ್ಕಳಿಗೆ ಹೇಳಿಕೊಡೋರೂ ಇರಲಿಲ್ಲ. ಈಜು ಯಾರ ರಕ್ತದಲ್ಲೂ ಬರಲ್ಲ, ಊರ ಬಾವಿಯಲ್ಲಿ ಬರುತ್ತೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಯನ್ನ ಸಗಣಿ ಗಂಜಲ ಹಾಕಿ 'ಶುದ್ಧ' ಮಾಡಿದರು. ಆ ನೀರು ನಮ್ಮದೂ ಹೌದು ಅಂತ ಬಾಂಬೆ ಹೈಕೋರ್ಟಿನಿಂದ ತೀರ್ಪು ಬರೋಕೆ 1937 ಆಯ್ತು. ಒಂದು ಬೊಗಸೆಗೆ ಹತ್ತು ವರ್ಷ. ಮೂವತ್ತು ಮೀಟರ್ ಆಳಕ್ಕೆ ಇಳಿಯೋ ಮೊಮ್ಮಗನಿಗೆ ಇದೆಲ್ಲ ನೆನಪಾಗಬಾರದು ಅಂದ್ರೆ ಹೇಗೆ ಸ್ವಾಮಿ?

ಈಗ ಆ ಬೋಟಿನ ವಿಷಯ ಹೇಳ್ತೀನಿ. ನಾನು ನಿಜಕ್ಕೂ ಹೇಳಬೇಕಾಗಿರೋದು ಅಲ್ಲೇ ಇದೆ.

ಅಲ್ಲಿ ಇದಕ್ಕೆ ಸಫಾರಿ ಬೋಟ್ ಅಂತಾರೆ. ಮಲಗೋದು, ಉಣ್ಣೋದು ದೊಡ್ಡ ಬೋಟಿನಲ್ಲಿ. ಜೊತೆಗೆ ಇನ್ನೊಂದು ಚಿಕ್ಕ ದೋಣಿ ಬರುತ್ತೆ, ಅದನ್ನ ಅವರೂ 'ಧೋನಿ' ಅಂತಲೇ ಕರೀತಾರೆ. ಸಿಲಿಂಡರ್‌ಗಳು, ಗಾಳಿ ತುಂಬೋ ಕಂಪ್ರೆಸರ್ ಎಲ್ಲ ಅದರಲ್ಲಿ. ಬೆಳಗ್ಗೆ ಆರಕ್ಕೆ ಗಂಟೆ ಬಾರಿಸ್ತಾರೆ. ದಿನಕ್ಕೆ ಮೂರು ಸಲ ನೀರಿಗೆ ಇಳಿಯೋದು, ಕೆಲವು ದಿನ ರಾತ್ರಿ ಟಾರ್ಚ್ ಹಿಡಿದು ನಾಲ್ಕನೇ ಸಲ. ಆರಿ ಅಟಾಲ್‌ನ ಮಾಯಾ ತಿಲಾದಲ್ಲಿ ರಾತ್ರಿ ಇಳಿದಾಗ ಬಿಳಿ ತುದಿಯ ರೆಕ್ಕೆಯ ಶಾರ್ಕ್‌ಗಳು ಕಾಲ ಹತ್ತಿರವೇ ಬೇಟೆ ಆಡ್ತಿದ್ದವು. 'ತಿಲಾ' ಅಂದ್ರೆ ನೀರಿನೊಳಗೇ ಮುಳುಗಿರೋ ಹವಳದ ಗುಡ್ಡ. 1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬೆಳ್ಳಗಾಗಿ ಸತ್ತಿತ್ತು. ಸತ್ತ ಜಾಗದಲ್ಲೂ ಈಗ ಅಲ್ಲಲ್ಲಿ ಚಿಗುರು ಕಾಣುತ್ತೆ. ನೋಡಿ ಖುಷಿ ಆಯ್ತು, ಅದನ್ನ ಮುಚ್ಚಿಡಲ್ಲ.

ಆದರೆ ನನ್ನನ್ನ ಹೆಚ್ಚು ಅಲ್ಲಾಡಿಸಿದ್ದು ಶಾರ್ಕ್ ಅಲ್ಲ, ಇಳಿಯೋ ಮುಂಚಿನ ಆ ಹದಿನೈದು ನಿಮಿಷ.

ಪ್ರತಿ ಸಲವೂ ಬಿಳಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳ್ತಾರೆ: ಹರಿವು ಯಾವ ಕಡೆ, ಎಷ್ಟು ಆಳ, ಎಷ್ಟು ಹೊತ್ತು, ಏನಾದರೂ ಆದ್ರೆ ಏನು ಮಾಡೋದು. ಪ್ರವಾಸಿಗಳು 30 ಮೀಟರ್‌ಗಿಂತ ಕೆಳಗೆ ಹೋಗಬಾರದು ಅಂತ ಆ ದೇಶದ ನಿಯಮವೇ ಇದೆ. ಒಬ್ಬರೇ ಇಳಿಯೋ ಹಾಗಿಲ್ಲ, ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ನೀರಿಗೆ ಬೀಳೋ ಮುಂಚೆ ನನ್ನ ಗಾಳಿ ಅವನು ನೋಡಬೇಕು, ಅವನ ಗಾಳಿ ನಾನು ನೋಡಬೇಕು. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ, ಅಂದ್ರೆ ಸುಮಾರು 2,400 ಲೀಟರ್ ಗಾಳಿ. ಬಾಯಿಗೊಂದು ಕೊಳವೆ, ಜೊತೆಗಾರನ ಗಾಳಿ ಮುಗಿದ್ರೆ ಕೊಡೋಕೆ ಇನ್ನೊಂದು. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಕೈಯಲ್ಲಿ ಕಟ್ಟಿರೋ ಕಂಪ್ಯೂಟರ್ ಆಳ, ಸಮಯ, ಏರೋ ವೇಗ ಲೆಕ್ಕ ಹಾಕುತ್ತೆ. ಮೈಯೊಳಗೆ ಸೇರಿದ ನೈಟ್ರೋಜನ್ ಹೊರಗೆ ಹೋಗಲಿ ಅಂತ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕು. ಕೊನೇ ಡೈವ್ ಆಗಿ 18 ಗಂಟೆ ಕಳೆಯೋವರೆಗೂ ವಿಮಾನ ಹತ್ತಬಾರದು. ಬೋಟಿನಲ್ಲಿ ಆಕ್ಸಿಜನ್ ಪೆಟ್ಟಿಗೆ ಸದಾ ಸಿದ್ಧ. ನಮ್ಮ ಸಿಲಿಂಡರ್ ತುಂಬಿ ಹೊತ್ತು ತರ್ತಿದ್ದ ಬಾಂಗ್ಲಾದೇಶದ ಹುಡುಗ ಕೂಡ ಮೀಟರ್ ನೋಡಿ ಸನ್ನೆ ಮಾಡೋವರೆಗೂ ಯಾರನ್ನೂ ಬಿಡ್ತಿರಲಿಲ್ಲ.

ಮೋಜಿಗೆ ಇಳಿಯೋ ಮನುಷ್ಯನ ಜೀವಕ್ಕೆ ಇಷ್ಟು ಲೆಕ್ಕ.

ಇನ್ನು ನಮ್ಮ ಊರುಗಳ ಮ್ಯಾನ್‌ಹೋಲ್‌ಗೆ ಬನ್ನಿ. ಹತ್ತೋ ಹದಿನೈದೋ ಅಡಿ ಗುಂಡಿ. ಸೊಂಟಕ್ಕೊಂದು ಹಗ್ಗ, ಅದೂ ಇದ್ರೆ ಉಂಟು. ಒಳಗೆ ಹೈಡ್ರೋಜನ್ ಸಲ್ಫೈಡ್. ಮೊದಲು ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತೆ. ಪ್ರಮಾಣ ಜಾಸ್ತಿ ಆದ್ರೆ ಮೂಗೇ ಸತ್ತುಹೋಗುತ್ತೆ, ವಾಸನೆ ಹೋಯ್ತು ಅಂತ ಇನ್ನೂ ಕೆಳಗೆ ಇಳೀತಾನೆ. ಅವನು ಬಿದ್ದಾಗ ಎತ್ತೋಕೆ ಇಳಿಯೋನು ಅವನ ತಮ್ಮನೋ ಭಾವನೋ ಆಗಿರ್ತಾನೆ. ಅವನ ಹತ್ತಿರವೂ ಗಾಳಿ ಇಲ್ಲ, ಅವನೂ ಬೀಳ್ತಾನೆ. ಒಂದೇ ಮನೆಯ ಎರಡು ಹೆಣ ಬರೋದು ಹೀಗೆ. ಡೈವಿಂಗ್‌ನಲ್ಲಿ ರಕ್ಷಣೆಯ ತರಬೇತಿ ಕೊಡುವಾಗ ಮೊದಲು ಹೇಳೋದೇ, ನಿನ್ನ ಗಾಳಿ ಖಾತ್ರಿ ಮಾಡ್ಕೊಂಡು ಆಮೇಲೆ ಇನ್ನೊಬ್ಬನ ಹತ್ತಿರ ಹೋಗು ಅಂತ. ಗುಂಡಿಗೆ ಇಳಿಯೋನಿಗೆ ಇದನ್ನ ಯಾರು ಹೇಳಿದ್ದಾರೆ?

ಕಾನೂನು ಇಲ್ವಾ? ಇದೆ. 2013ರ ಕಾಯ್ದೆ ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸೋದನ್ನ ನಿಷೇಧಿಸಿದೆ. ಅದರ ನಿಯಮಗಳಲ್ಲಿ ಉಸಿರಾಟದ ಉಪಕರಣ, ಅನಿಲ ಅಳೆಯೋ ಯಂತ್ರ ಎಲ್ಲದರ ಪಟ್ಟಿ ಇದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳ್ತು, 2023ರಲ್ಲಿ ಅದನ್ನ 30 ಲಕ್ಷ ಮಾಡ್ತು. ಹೀಗಿದ್ದೂ 2019ರಿಂದ 2023ರವರೆಗೆ 377 ಜನ ಸತ್ತಿದ್ದಾರೆ ಅಂತ ಸರ್ಕಾರವೇ ಸಂಸತ್ತಿಗೆ ಲೆಕ್ಕ ಕೊಟ್ಟಿದೆ. ಈ ಕೆಲಸ ಮಾಡೋರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು 69 ಅಂತ ಸರ್ಕಾರದ ಸಮೀಕ್ಷೆಯೇ ಹೇಳುತ್ತೆ. ಜಾತಿಯನ್ನ ನಾನು ಎಳೆದು ತಂದೆನಾ, ಅದು ಮೊದಲೇ ಅಲ್ಲಿ ಕೂತಿತ್ತಾ?

"ಅವಘಡ ಎಲ್ಲ ಕಡೆ ಆಗುತ್ತೆ" ಅನ್ನೋರಿಗೆ ಒಂದು ಉದಾಹರಣೆ. 2019ರ ಸೆಪ್ಟೆಂಬರ್ 2ರ ಬೆಳಗಿನ ಜಾವ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ 'ಕನ್ಸೆಪ್ಷನ್' ಅನ್ನೋ ಇಂಥದೇ ಡೈವಿಂಗ್ ಬೋಟಿಗೆ ಬೆಂಕಿ ಬಿತ್ತು. ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಜನ ಸತ್ತರು. ರಾತ್ರಿ ಗಸ್ತಿಗೆ ಯಾರೂ ಇರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯ್ತು. ಕ್ಯಾಪ್ಟನ್‌ಗೆ 2024ರಲ್ಲಿ ನಾಲ್ಕು ವರ್ಷ ಜೈಲಾಯ್ತು, ಅಂಥ ಬೋಟುಗಳ ನಿಯಮ ಬಿಗಿ ಆಯ್ತು. ಅಲ್ಲಿ ಒಂದು ರಾತ್ರಿಯ ಸಾವು ಕಾನೂನನ್ನೇ ಬದಲಿಸ್ತು. ಇಲ್ಲಿ ಗುಂಡಿಗೆ ಇಳಿಸಿದ ಎಷ್ಟು ಗುತ್ತಿಗೆದಾರರು ಜೈಲು ಸೇರಿದ್ದನ್ನ ನೀವು ಕಂಡಿದ್ದೀರಿ? ದೂರಿನಲ್ಲಿ 'ಕಾಲು ಜಾರಿ ಬಿದ್ದು' ಅಂತ ಬರೆಸೋದನ್ನ ನಾನು ಠಾಣೆಯಲ್ಲಿ ನಿಂತು ನೋಡಿದ್ದೀನಿ.

ಅದಕ್ಕೇ ನಾನು ಕೇಳೋದು ಮೂರೇ.

ಒಂದು: ಮನುಷ್ಯ ಗುಂಡಿಗೆ ಇಳಿಯೋದು ನಿಲ್ಲಬೇಕು. ನನಗೆ ಕೊಟ್ಟ ಸಿಲಿಂಡರ್ ಅವನಿಗೂ ಕೊಡಿ ಅಂತ ನಾನು ಕೇಳ್ತಾ ಇಲ್ಲ, ಅವನ ಕೈಗೆ ಯಂತ್ರ ಕೊಡಿ. ಕೆಲಸ ಅವನದೇ ಇರಲಿ, ಸಂಬಳ ಕಾಯಂ ಇರಲಿ.

ಎರಡು: ಸಾವು ಆದ ದಿನವೇ 2013ರ ಕಾಯ್ದೆ ಮತ್ತು ದೌರ್ಜನ್ಯ ತಡೆ ಕಾಯ್ದೆ ಎರಡರಡಿ ಎಫ್‌ಐಆರ್ ಆಗಬೇಕು. ನಮ್ಮ ಗೆಳೆಯರು ಠಾಣೆಯಲ್ಲಿ ಕೂತು ದೂರಿನ ಸಾಲು ಸಾಲು ಓದಿಸಿಕೊಂಡೇ ಏಳಬೇಕು.

ಮೂರು: ಇದಕ್ಕೆ ನಗಬೇಡಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರತಿ ಹುಡುಗ ಹುಡುಗಿಗೂ ಈಜು ಕಲಿಸಬೇಕು. ಎಸ್‌ಸಿಎಸ್‌ಪಿ ಹಣ ಎಲ್ಲೆಲ್ಲಿಗೋ ಹರಿದು ಹೋಗುತ್ತೆ, ಒಂದಿಷ್ಟು ನೀರಿಗೂ ಹೋಗಲಿ. ಕೆರೆ, ಕೃಷಿ ಹೊಂಡದಲ್ಲಿ ಮುಳುಗಿ ಸಾಯೋ ಮಕ್ಕಳ ಜೀವವೂ ಉಳಿಯುತ್ತೆ.

ಮುಂದಿನ ತಿಂಗಳು ತಾಲ್ಲೂಕು ಕಚೇರಿಗೆ ಮನವಿ ಕೊಡೋಕೆ ಹೋಗ್ತಾ ಇದ್ದೀವಿ. ನಿಮ್ಮೂರ ಹಾಸ್ಟೆಲ್‌ನಲ್ಲಿ ಎಷ್ಟು ಮಕ್ಕಳಿಗೆ ಈಜು ಬರುತ್ತೆ ಅಂತ ಒಂದು ಸಲ ಹೋಗಿ ಕೇಳಿ, ಲೆಕ್ಕ ಬರ್ಕೊಂಡು ನನಗೆ ಕಳಿಸಿ. ಮನವಿಯ ಜೊತೆ ಆ ಪಟ್ಟಿಯನ್ನೂ ಲಗತ್ತಿಸೋಣ.

ಜೈಭೀಮ್.